ವಿಕ್ರಾಂತ್ ಕಟ್ಟಿದ ಕೈಗಳು ಖಾಲಿ ಕೂರಬಾರದು: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋದ 28 ಹಾಗೂ ರಾಜ್ಯಸಭೆಯಲ್ಲಿರುವ 12 ಮಂದಿ ಮಾನ್ಯ ಸದಸ್ಯರೇ,

ಪಕ್ಷದ ಮಾತನ್ನು ಬದಿಗಿಟ್ಟು ಓದಬೇಕೆಂದು ಕೇಳಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್ ನಾವೇ ವಿನ್ಯಾಸ ಮಾಡಿ ನಾವೇ ಕಟ್ಟಿದ ಮೊದಲ ವಿಮಾನವಾಹಕ ನೌಕೆ. ಅದರ ಬೆನ್ನಿಗೇ ಎರಡನೆಯದರ ಕೆಲಸ ಶುರುವಾಗಬೇಕಿತ್ತು. ನಾನು ಇದನ್ನು ಬರೆಯುವ ಹೊತ್ತಿಗೂ ಆದೇಶ ಹೊರಬಿದ್ದಿಲ್ಲ. ಯಾವಾಗ ಹೊರಬೀಳುತ್ತದೆ ಎಂದು ನೀವು ಸದನದಲ್ಲಿ ಎದ್ದು ನಿಂತು ಕೇಳಬೇಕು, ಉತ್ತರ ಸಿಗುವವರೆಗೂ ಕೇಳಬೇಕು. ನನ್ನ ಕೋರಿಕೆ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಕಾರಣ.

ಕೊಚ್ಚಿಯಲ್ಲಿ ಕಟ್ಟುವ ಹಡಗಿನ ಬಗ್ಗೆ ಕನ್ನಡದ ಸಂಸದರು ಯಾಕೆ ಕೇಳಬೇಕು? ಕಾರವಾರದ ಅರ್ಗಾದಲ್ಲಿರುವ ಕದಂಬ ನೌಕಾನೆಲೆಯೇ ನಮ್ಮ ಇನ್ನೊಂದು ವಿಮಾನವಾಹಕ ವಿಕ್ರಮಾದಿತ್ಯದ ಮನೆ. ವಿಕ್ರಾಂತ್ ಕೂಡ 2023ರಲ್ಲಿ ಅಲ್ಲಿಗೆ ಬಂದು ಧಕ್ಕೆ ಹಿಡಿಯಿತು. ವಿಕ್ರಾಂತನ್ನು ಓಡಿಸುವ ನಾಲ್ಕು ಎಲ್‌ಎಂ-2500 ಗ್ಯಾಸ್ ಟರ್ಬೈನುಗಳನ್ನು ಜೋಡಿಸಿಕೊಟ್ಟದ್ದು ಬೆಂಗಳೂರಿನ ಎಚ್‌ಎಎಲ್. ಅದರ ಡೆಕ್ ಮೇಲೆ ಇಳಿದ ನಮ್ಮದೇ ಯುದ್ಧವಿಮಾನ, ನೌಕಾ ತೇಜಸ್, ರೂಪುಗೊಂಡದ್ದು ಬೆಂಗಳೂರಿನ ವಿಮಾನ ಅಭಿವೃದ್ಧಿ ಸಂಸ್ಥೆ ಎಡಿಎಯಲ್ಲಿ. ಮಲ್ಪೆಯಲ್ಲಿ ನಿಂತುಹೋಗಿದ್ದ ಹಡಗು ಕಾರ್ಖಾನೆಯನ್ನು ಕೊಂಡು, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟು, ನಾರ್ವೆಯವರಿಗೆ ಸರಕು ಹಡಗು ಕಟ್ಟಿಕೊಡುವ ಮಟ್ಟಕ್ಕೆ ತಂದದ್ದು ವಿಕ್ರಾಂತ್ ಕಟ್ಟಿದ ಕೊಚ್ಚಿನ್ ಶಿಪ್‌ಯಾರ್ಡೇ. ಇದು ನಮ್ಮ ಮನೆಯ ವಿಷಯ ಕೂಡ ಹೌದು.

ಇಷ್ಟು ದೂರ ಬಂದದ್ದು ಹೇಗೆಂದು ಒಮ್ಮೆ ನೆನಪಿಸಿಕೊಳ್ಳೋಣ. ಇದೇ ಹೆಸರಿನ ಹಳೆಯ ಹಡಗು, ಮೊದಲ ವಿಕ್ರಾಂತ್, ನಾವು ಕಟ್ಟಿದ್ದಾಗಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆಂದು 1943ರಲ್ಲಿ ಬ್ರಿಟಿಷರು ಕಟ್ಟಲು ತೊಡಗಿ, ಯುದ್ಧ ಮುಗಿದ ಮೇಲೆ ಅರ್ಧಕ್ಕೇ ಬಿಟ್ಟಿದ್ದ ಹರ್ಕ್ಯುಲಿಸ್ ಅದು. 1957ರಲ್ಲಿ ಅದನ್ನು ಕೊಂಡು, ಬೆಲ್‌ಫಾಸ್ಟಿನಲ್ಲಿ ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಸೇವೆಗೆ ತೆಗೆದುಕೊಂಡೆವು. ಹತ್ತು ವರ್ಷದ ಮೇಲೆ, 1971ರ ಡಿಸೆಂಬರಿನಲ್ಲಿ, ಬಾಯ್ಲರ್ ಬಿರುಕು ಬಿಟ್ಟಿದ್ದ ಅದೇ ಹಡಗು ಬಂಗಾಳ ಕೊಲ್ಲಿಗೆ ಹೋಗಿ ನಿಂತಿತು. ಅದರಿಂದೆದ್ದ ಸೀ ಹಾಕ್, ಅಲಿಜೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿ, ಪೂರ್ವ ಪಾಕಿಸ್ತಾನದಲ್ಲಿದ್ದ ಸೇನೆಗೆ ಕಡಲ ದಾರಿಯೇ ಇಲ್ಲದಂತೆ ಮಾಡಿದವು. ಎರಡನೆಯ ಹಡಗು ವಿರಾಟ್. ಫಾಕ್‌ಲ್ಯಾಂಡ್ ಯುದ್ಧ ಮಾಡಿ ಬಂದಿದ್ದ ಹರ್ಮಿಸ್ ಎಂಬ ಬ್ರಿಟಿಷ್ ಹಡಗನ್ನು ಕೊಂಡು 1987ರಲ್ಲಿ ಸೇವೆಗೆ ಸೇರಿಸಿದೆವು. ಮೂವತ್ತು ವರ್ಷ ದುಡಿಸಿಕೊಂಡೆವು.

ಮೂರನೆಯದಾದ ವಿಕ್ರಮಾದಿತ್ಯದ ಕತೆ ನಿಮಗೆ ಗೊತ್ತೇ ಇರುತ್ತದೆ, ಆದರೂ ಹೇಳುತ್ತೇನೆ. ರಷ್ಯಾದ ಅಡ್ಮಿರಲ್ ಗೋರ್ಷ್‌ಕೋವ್ ಹಡಗನ್ನು ಮಾರ್ಪಡಿಸಿ ಕೊಡಲು 2004ರಲ್ಲಿ ಒಪ್ಪಂದವಾದಾಗ ಆ ಕೆಲಸದ ಬೆಲೆ 97.4 ಕೋಟಿ ಡಾಲರ್. 2008ಕ್ಕೆ ಕೈಗೆ ಬರಬೇಕಿತ್ತು. ಬಂದದ್ದು 2013ರ ನವೆಂಬರಿನಲ್ಲಿ, ಬೆಲೆ 235 ಕೋಟಿ ಡಾಲರ್‌ಗೆ ಏರಿದ ಮೇಲೆ. ನಡುವೆ 2012ರ ಪರೀಕ್ಷಾ ಪಯಣದಲ್ಲಿ ಬಾಯ್ಲರುಗಳು ಕೈಕೊಟ್ಟವು. ಒಪ್ಪಂದ ಮುರಿದು ಎದ್ದು ಬರುವ ಸ್ಥಿತಿಯಲ್ಲಿ ನಾವಿರಲಿಲ್ಲ. ಆ ಗಾತ್ರದ ಹಡಗನ್ನು ನಮಗೆ ಮಾರಲು ಬೇರೆ ಯಾರೂ ಸಿದ್ಧರಿರಲಿಲ್ಲ, ನಮಗಿನ್ನೂ ಕಟ್ಟಲು ಬರುತ್ತಿರಲಿಲ್ಲ. ಕಟ್ಟಲು ಬಾರದವನು ಕೇಳಿದಷ್ಟು ಕೊಡಲೇಬೇಕಾಗುತ್ತದೆ. ಕಟ್ಟಲು ಕಲಿತದ್ದನ್ನು ಮರೆತರೆ ಮತ್ತೆ ಅದೇ ಸ್ಥಿತಿಗೆ ಬೀಳುತ್ತೇವೆ. ನನ್ನ ಆತಂಕವೆಲ್ಲ ಇದೇ.

ಕಲಿತದ್ದು ಎಂದರೆ ಏನು? ಉಕ್ಕಿನ ಸಂಗತಿಯೊಂದನ್ನೇ ಬಿಡಿಸಿ ಹೇಳುತ್ತೇನೆ.

ಯುದ್ಧನೌಕೆಯ ಉಕ್ಕು ಸೇತುವೆಯ ಉಕ್ಕಿನಂಥದ್ದಲ್ಲ. ಬರೀ ಗಟ್ಟಿಯಿದ್ದರೆ ಸಾಲದು. ನೀರಿನಡಿ ಟಾರ್ಪಿಡೊ ಸಿಡಿದಾಗ ಹಡಗಿನ ಒಡಲು ಬಾಗಬೇಕು, ಹಿಗ್ಗಬೇಕು, ಗಾಜಿನ ಹಾಗೆ ಒಡೆಯಬಾರದು. ಅದಕ್ಕಾಗಿ ಉಕ್ಕಿನ ಸಣ್ಣ ತುಂಡಿಗೆ ಕಚ್ಚು ಹಾಕಿ, ಸೊನ್ನೆಗಿಂತ 60 ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟು, ಲೋಲಕದಂತೆ ತೂಗುವ ಭಾರದ ಸುತ್ತಿಗೆಯಿಂದ ಒಂದೇ ಏಟಿಗೆ ಮುರಿದು ನೋಡುತ್ತಾರೆ. ಮುರಿಯುವಾಗ ಅದು ಎಷ್ಟು ಶಕ್ತಿಯನ್ನು ಹೀರಿಕೊಂಡಿತೆಂದು ಅಳೆಯುತ್ತಾರೆ. ಅರಬ್ಬಿ ಸಮುದ್ರದಲ್ಲಿ ಅಂಥ ಚಳಿ ಎಂದೂ ಬೀಳುವುದಿಲ್ಲ. ಆದರೆ ಸ್ಫೋಟದ ಏಟು ಬೀಳುವ ವೇಗಕ್ಕೆ ಉಕ್ಕು ಕಡುಚಳಿಯಲ್ಲಿದ್ದಂತೆಯೇ ಪೆಡಸಾಗುತ್ತದೆ. ಈ ಪರೀಕ್ಷೆ ಗೆಲ್ಲುವ ಉಕ್ಕಿಗಾಗಿ ಮೊದಲು ರಷ್ಯಾವನ್ನು ನಂಬಿಕೊಂಡಿದ್ದೆವು. ಅದು ಬರಲಿಲ್ಲ. ಆಗ ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯದವರು ಭಾರತೀಯ ಉಕ್ಕು ಪ್ರಾಧಿಕಾರದ ಜೊತೆ ಕೂತು ಹಡಗಿನ ಒಡಲಿಗೆ ಡಿಎಂಆರ್-249ಎ, ವಿಮಾನ ಇಳಿಯುವ ಡೆಕ್‌ಗೆ ಇನ್ನೂ ಬಲವಾದ 249ಬಿ ಎಂಬ ಉಕ್ಕುಗಳನ್ನು ಸಿದ್ಧಪಡಿಸಿದರು. ಬೊಕಾರೊ, ಭಿಲಾಯಿ, ರೂರ್ಕೆಲಾಗಳಿಂದ ವಿಕ್ರಾಂತ್‌ಗೆ ಹೋದದ್ದು ಸುಮಾರು 30,000 ಟನ್.

ಉಕ್ಕು ಬಂದರೆ ಮುಗಿಯಲಿಲ್ಲ, ಅದನ್ನು ಬೆಸೆಯಬೇಕು. ಕೊಚ್ಚಿಯ ಮಳೆಗಾಲ ನಮ್ಮ ಕರಾವಳಿಯದೇ ಮಳೆಗಾಲ. ಗಾಳಿಯಲ್ಲೇ ನೀರು. ವೆಲ್ಡಿಂಗ್ ರಾಡ್‌ಗೆ ತೇವ ತಗುಲಿದರೆ ಅದರಿಂದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಕೆಲಸ ಮುಗಿಸಿ ವೆಲ್ಡರ್ ಮನೆಗೆ ಹೋದ ಮೇಲೆ, ಒಂದೆರಡು ದಿನ ಬಿಟ್ಟು, ಒಳಗೊಳಗೇ ಕೂದಲೆಳೆಯಷ್ಟು ಬಿರುಕು ಮೂಡಬಹುದು. ಆದ್ದರಿಂದ ರಾಡ್‌ಗಳನ್ನು ಒಲೆಯಲ್ಲಿ ಕಾಯಿಸಿಟ್ಟು ಬಿಸಿಬಿಸಿಯಾಗಿ ತೆಗೆಯಬೇಕು, ಪ್ಲೇಟಿನ ಅಂಚನ್ನು ಮೊದಲೇ ಬಿಸಿ ಮಾಡಿಕೊಳ್ಳಬೇಕು, ಒಂದು ಪದರ ಎಳೆದು ಇನ್ನೊಂದು ಎಳೆಯುವ ನಡುವಿನ ಕಾವನ್ನು ಕಾಯಬೇಕು, ಆಮೇಲೆ ಅಲ್ಟ್ರಾಸೌಂಡಿನಲ್ಲಿ, ಎಕ್ಸ್‌ರೇಯಲ್ಲಿ ತೋರಿಸಿ ಪಾಸಾಗಬೇಕು. ಎಷ್ಟೇ ಬರೆದಿಟ್ಟರೂ ಬರೆದದ್ದರಿಂದಷ್ಟೇ ಬರುವ ವಿದ್ಯೆ ಇದಲ್ಲ. ಕಣ್ಣು ನೋಡಿ, ಕೈ ಮಾಡಿ, ಹಳಬನ ಪಕ್ಕ ಹೊಸಬ ಕೂತು ಬರಬೇಕಾದ್ದು. ಹಳಬ ನಿವೃತ್ತನಾಗುವಾಗ ಪಕ್ಕದಲ್ಲಿ ಹೊಸಬ ಇಲ್ಲದಿದ್ದರೆ ಆ ವಿದ್ಯೆ ಅಲ್ಲಿಗೆ ಮುಗಿಯುತ್ತದೆ.

ವಿಮಾನವಾಹಕ ನೌಕೆಗೆ ಸುರಿದ ಹಣ ಆ ಒಂದೇ ಹಡಗಿನಲ್ಲಿ ಮುಳುಗಿ ಕೂರುತ್ತದೆ ಎನ್ನುವವರಿಗೆ ಈ ಉಕ್ಕೇ ಉತ್ತರ. ವಿಕ್ರಾಂತ್ ಇನ್ನೂ ಕೊಚ್ಚಿಯಲ್ಲಿ ಅರೆಕಟ್ಟಿನಲ್ಲಿದ್ದಾಗಲೇ, 2014ರಲ್ಲಿ, ಅದೇ ಡಿಎಂಆರ್ ಉಕ್ಕಿನಿಂದ ಕೋಲ್ಕತ್ತದಲ್ಲಿ ಕಟ್ಟಿದ ಕಾಮೋರ್ಟ ಎಂಬ ಜಲಾಂತರ್ಗಾಮಿ ನಿಗ್ರಹ ನೌಕೆ ಸೇವೆಗೆ ಸೇರಿತು. ಆಮೇಲೆ ಯುದ್ಧನೌಕೆಯ ಉಕ್ಕಿಗಾಗಿ ಪರರ ಮುಂದೆ ಕೈಯೊಡ್ಡುವ ಪ್ರಸಂಗವೇ ನಮಗೆ ಬರಲಿಲ್ಲ.

ವಿಕ್ರಾಂತ್ ತಡವಾಯಿತು ಎಂಬ ದೂರು ನಿಜ, ಮುಚ್ಚಿಡಬೇಕಿಲ್ಲ. ಮೊದಲ ಪ್ಲೇಟ್ ಕತ್ತರಿಸಿದ್ದು 2005ರಲ್ಲಿ, ಕೀಲ್ ಇಟ್ಟದ್ದು 2009ರಲ್ಲಿ, ನೀರಿಗಿಳಿಸಿದ್ದು 2013ರ ಆಗಸ್ಟ್ 12ರಂದು, ಮೊದಲ ಸಲ ಕಡಲಿಗೆ ಹೋದದ್ದು 2021ರ ಆಗಸ್ಟಿನಲ್ಲಿ. ಒಟ್ಟು ಹದಿನೇಳು ವರ್ಷ. ಉಕ್ಕು ತಡ, ಗೇರ್ ಬಾಕ್ಸ್ ತಡ, ರಷ್ಯಾದಿಂದ ಬರಬೇಕಿದ್ದ ವಿಮಾನ ನಿರ್ವಹಣೆಯ ಸಾಮಗ್ರಿ ತಡ. ಸಿಎಜಿ 2016ರ ವರದಿಯಲ್ಲಿ ಗಟ್ಟಿಯಾಗಿಯೇ ಟೀಕಿಸಿದೆ, ಟೀಕೆ ನ್ಯಾಯವೂ ಆಗಿದೆ. ಕೊನೆಗೆ ಕೈಗೆ ಬಂದದ್ದು 262 ಮೀಟರ್ ಉದ್ದದ, 62 ಮೀಟರ್ ಅಗಲದ, ಸುಮಾರು 45,000 ಟನ್ನಿನ ಹಡಗು. ಒಳಗೆ ಎರಡು ಸಾವಿರಕ್ಕೂ ಮಿಕ್ಕಿ ಕೋಣೆಗಳು, ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕೇಬಲ್. ಖರ್ಚು ಸುಮಾರು 20,000 ಕೋಟಿ ರೂಪಾಯಿ. ಶೇ 76ರಷ್ಟು ದೇಶೀಯ. ಹಾಕಿದ ಹಣದಲ್ಲಿ ಶೇ 80ರಿಂದ 85ರಷ್ಟು ದೇಶದ ಆರ್ಥಿಕತೆಗೇ ಮರಳಿತೆಂದು ನೌಕಾಪಡೆಯ ಲೆಕ್ಕ. ಶಿಪ್‌ಯಾರ್ಡಿನ ಎರಡು ಸಾವಿರ ಜನ, ಅವರ ಹೊರಗೆ ಸುಮಾರು ಹದಿಮೂರು ಸಾವಿರ ಜನ ಇದರಲ್ಲಿ ದುಡಿದಿದ್ದಾರೆ. ಹದಿನೇಳು ವರ್ಷ ನಾವು ತೆತ್ತದ್ದು ಕಲಿಕೆಗೆ. ಎರಡನೆಯ ಹಡಗಿಗೆ ಅಷ್ಟು ತೆರಬೇಕಿಲ್ಲ, ಕೂಡಲೇ ಕೈ ಹಾಕಿದರೆ.

ಕೂಡಲೇ ಕೈ ಹಾಕದಿದ್ದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಒಮ್ಮೆ ನೋಡಿಯಾಗಿದೆ. 1981ರಲ್ಲಿ ಜರ್ಮನಿಯ ಜೊತೆ ನಾಲ್ಕು ಜಲಾಂತರ್ಗಾಮಿಗಳಿಗೆ ಒಪ್ಪಂದವಾಯಿತು. ಎರಡು ಅಲ್ಲಿ, ಎರಡು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ. ನಮ್ಮವರು ಜರ್ಮನಿಗೆ ಹೋಗಿ ಕಲಿತು ಬಂದರು. ಮುಂಬಯಿಯಲ್ಲಿ ಕಟ್ಟಿದ ಶಾಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಸೇವೆಗೆ ಸೇರಿದವು. ಜಲಾಂತರ್ಗಾಮಿ ಕಟ್ಟಬಲ್ಲ ಕೆಲವೇ ದೇಶಗಳ ಸಾಲಿಗೆ ನಾವೂ ಸೇರಿದೆವು. ಆದರೆ ಆ ಒಪ್ಪಂದದ ಸುತ್ತ ಎದ್ದ ಲಂಚದ ಆರೋಪಗಳಲ್ಲಿ ಮುಂದಿನ ಆದೇಶಗಳು ನಿಂತುಹೋದವು. ಕಲಿತು ಬಂದವರಿಗೆ ಕೆಲಸವಿಲ್ಲ. ಕೆಲವರು ನಿವೃತ್ತರಾದರು, ಕೆಲವರು ಬೇರೆ ಕೆಲಸಕ್ಕೆ ಹೋದರು. ಫ್ರಾನ್ಸಿನ ಜೊತೆ ಸ್ಕಾರ್ಪೀನ್ ಒಪ್ಪಂದವಾದದ್ದು 2005ರಲ್ಲಿ, ಅದರಂತೆ ಕಟ್ಟಿದ ಮೊದಲ ಜಲಾಂತರ್ಗಾಮಿ ಕಲ್ವರಿ ಸೇವೆಗೆ ಬಂದದ್ದು 2017ರ ಡಿಸೆಂಬರಿನಲ್ಲಿ. ಶಂಕುಲ್‌ಗೂ ಕಲ್ವರಿಗೂ ನಡುವೆ ಇಪ್ಪತ್ಮೂರು ವರ್ಷ. ಅಷ್ಟರಲ್ಲಿ ಆ ಕಾರ್ಖಾನೆ ಮೊದಲಿಂದ ಕಲಿಯಬೇಕಾಯಿತು, ಮೊದಲಿಂದ ಹಣ ತೆರಬೇಕಾಯಿತು. ಇವತ್ತು ನಮ್ಮ ಜಲಾಂತರ್ಗಾಮಿ ಪಡೆ ಬಡವಾಗಿದೆ ಎಂದು ನೀವೆಲ್ಲ ಸದನದಲ್ಲಿ ಮರುಗುತ್ತೀರಲ್ಲ, ಆ ಬಡತನದ ಬೇರು ಆ ಇಪ್ಪತ್ಮೂರು ವರ್ಷದಲ್ಲಿದೆ.

ಕೊಚ್ಚಿನ್ ಶಿಪ್‌ಯಾರ್ಡ್ ಪೂರ್ತಿ ಕೈಕಟ್ಟಿ ಕೂತಿಲ್ಲ, ಅದನ್ನೂ ಹೇಳಬೇಕು. ಜಲಾಂತರ್ಗಾಮಿ ನಿಗ್ರಹದ ಸಣ್ಣ ನೌಕೆಗಳನ್ನು ಕಟ್ಟುತ್ತಿದೆ, ರಿಪೇರಿ ಕೆಲಸವಿದೆ, ಹೊರದೇಶದ ಆದೇಶಗಳಿವೆ. ಆದರೆ ಸುಮಾರು ಎರಡು ಫುಟ್‌ಬಾಲ್ ಮೈದಾನದಷ್ಟು ದೊಡ್ಡ ಡೆಕ್ಕನ್ನು ಸೊಟ್ಟವಾಗದಂತೆ ಬೆಸೆಯುವುದು, ಮುಂತುದಿಯಲ್ಲಿ ವಿಮಾನವನ್ನು ಮೇಲಕ್ಕೆ ಚಿಮ್ಮಿಸುವ 14 ಡಿಗ್ರಿಯ ಏರನ್ನು ಕೂರಿಸುವುದು, ವಿಮಾನ ಎತ್ತಿಳಿಸುವ ಲಿಫ್ಟು, ತಡೆಹಗ್ಗದ ಯಂತ್ರ ಇವೆಲ್ಲ ಸಣ್ಣ ನೌಕೆಯಲ್ಲಿ ಬರುವ ಕೆಲಸಗಳಲ್ಲ. 1,800 ಕೋಟಿ ರೂಪಾಯಿ ಖರ್ಚಿನಲ್ಲಿ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್ ಕಟ್ಟಿಯಾಗಿದೆ. 2024ರ ಜನವರಿಯಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ವಿಕ್ರಾಂತ್‌ಗಿಂತ ದೊಡ್ಡ ವಿಮಾನವಾಹಕವೂ ಅದರಲ್ಲಿ ಹಿಡಿಯುತ್ತದೆ. ಜಾಗ ಸಿದ್ಧವಿದೆ, ಉಕ್ಕು ಸಿದ್ಧವಿದೆ, ನಕ್ಷೆ ಕೈಯಲ್ಲಿದೆ, ಕಟ್ಟಿದವರಲ್ಲಿ ಬಹುಪಾಲು ಜನ ಇನ್ನೂ ಅಲ್ಲೇ ಇದ್ದಾರೆ. ಈ ನಾಲ್ಕೂ ಒಟ್ಟಿಗೆ ಇರುವ ಕಾಲ ಹೆಚ್ಚು ದಿನ ಉಳಿಯುವುದಿಲ್ಲ.

ವಿಮಾನವಾಹಕವೇ ಬೇಡ ಎನ್ನುವವರಿದ್ದಾರೆ. ಸುಮ್ಮನೆ ಹೇಳುವವರಲ್ಲ ಅವರು. 2020ರಲ್ಲಿ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರೇ ಜಲಾಂತರ್ಗಾಮಿಗಳಿಗೆ ಮೊದಲ ಆದ್ಯತೆ ಎಂಬರ್ಥದಲ್ಲಿ ಮಾತಾಡಿದ್ದರು. ಇಷ್ಟು ದೊಡ್ಡ ಹಡಗನ್ನು ಉಪಗ್ರಹದಿಂದ ಹುಡುಕಿ ದೂರದ ಕ್ಷಿಪಣಿಯಿಂದ ಹೊಡೆಯಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೆ 28 ನಾಟ್ ವೇಗದಲ್ಲಿ ಓಡುವ ಹಡಗು ಒಂದು ಹಗಲು ಒಂದು ರಾತ್ರಿಯಲ್ಲಿ 1,200 ಕಿಲೋಮೀಟರ್ ಆಚೆ ಇರುತ್ತದೆ. ನೆಲದ ಮೇಲಿನ ವಾಯುನೆಲೆ ಎಲ್ಲಿದೆಯೆಂದು ಶತ್ರುವಿಗೆ ಐವತ್ತು ವರ್ಷದಿಂದ ಗೊತ್ತಿರುತ್ತದೆ. ಜಲಾಂತರ್ಗಾಮಿ ಶತ್ರುವನ್ನು ತಡೆಯಬಲ್ಲದು. ನಡುಗಡಲಲ್ಲಿ ನಮ್ಮ ಹಡಗುಗಳ ತಲೆಯ ಮೇಲೆ ವಿಮಾನ ಕಾವಲು ಹಾಕಲು ಅದರಿಂದಾಗದು. ಎರಡೂ ಬೇಕು. ಇದ್ದ ಎರಡು ವಿಮಾನವಾಹಕಗಳಲ್ಲಿ ಒಂದು ದುರಸ್ತಿಗೆ ಹೋದರೆ ಎರಡು ಕಡಲಿಗೆ ಒಂದೇ ಉಳಿಯುತ್ತದೆ. ಆದ್ದರಿಂದಲೇ ಮೂರು ಬೇಕೆಂದು ನೌಕಾಪಡೆ ಕೇಳುತ್ತಲೇ ಬಂದಿದೆ. ಅಲ್ಲದೆ ವಿಕ್ರಮಾದಿತ್ಯ 1987ರಲ್ಲಿ ಸೋವಿಯತ್ ಪಡೆಗೆ ಸೇರಿದ ಹಡಗು. ಇವತ್ತೇ ಆದೇಶ ಹೊರಟು ಹತ್ತು ವರ್ಷದಲ್ಲಿ ಹೊಸದು ಮುಗಿದರೂ ಅಷ್ಟು ಹೊತ್ತಿಗೆ ಅದಕ್ಕೆ ಐವತ್ತು ಸಮೀಪಿಸಿರುತ್ತದೆ. ಆದೇಶ ತಡವಾದಷ್ಟೂ ನಾವು ಮೂರರ ಕಡೆಗಲ್ಲ, ಒಂದರ ಕಡೆಗೆ ಸರಿಯುತ್ತೇವೆ.

ಚೀನಾ ಏನು ಮಾಡಿತು ನೋಡಿ. ಅವರ ಮೊದಲ ಹಡಗೂ ಸೋವಿಯತ್ ಕಾಲದ ಅರೆಬರೆ ಒಡಲೇ, ಉಕ್ರೇನಿನಿಂದ ಕೊಂಡದ್ದು. 2012ರಲ್ಲಿ ಅದನ್ನು ಲಿಯಾವೊನಿಂಗ್ ಎಂದು ಸೇವೆಗೆ ಸೇರಿಸಿದರು. ಅದೇ ಮಾದರಿಯಲ್ಲಿ ಸ್ವಂತದ್ದೊಂದನ್ನು ಕಟ್ಟಿ 2019ರಲ್ಲಿ ಸೇರಿಸಿದರು. 2025ರ ನವೆಂಬರಿನಲ್ಲಿ ಮೂರನೆಯದು, ವಿದ್ಯುತ್ಕಾಂತೀಯ ಕವಣೆಯಿಂದ ವಿಮಾನ ಚಿಮ್ಮಿಸುವ ಫುಜಿಯಾನ್. ಒಂದರ ಬೆನ್ನಿಗೇ ಇನ್ನೊಂದರ ಕೆಲಸ ಹಿಡಿದರು. ಅವರ ಬಲ ಇರುವುದು ಆ ಎಡೆಬಿಡದ ಕೆಲಸದಲ್ಲಿ.

ಇನ್ನು ವಿಕ್ರಾಂತ್‌ನಲ್ಲಿ ದೇಶೀಯವಲ್ಲದ ಶೇ 24ರ ಮಾತು. ಪ್ರಮಾಣ ಚಿಕ್ಕದು, ಆದರೆ ಹಡಗಿನ ಎದೆಯೇ ಅದರಲ್ಲಿದೆ. ಎಲ್‌ಎಂ-2500 ಟರ್ಬೈನನ್ನು ಬೆಂಗಳೂರಿನಲ್ಲಿ ಜೋಡಿಸಿದರೂ ವಿನ್ಯಾಸ ಅಮೆರಿಕದ್ದು. ನಾಲ್ಕೂ ಸೇರಿ 88 ಮೆಗಾವಾಟ್. ನಮ್ಮ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯವರು ಯುದ್ಧವಿಮಾನಕ್ಕೆಂದು ರೂಪಿಸಿದ್ದ ಕಾವೇರಿ ಎಂಜಿನ್ನಿನಿಂದ 12 ಮೆಗಾವಾಟಿನ ಹಡಗಿನ ಟರ್ಬೈನ್ ಮಾಡಿ, ವಿಶಾಖಪಟ್ಟಣದಲ್ಲಿ ನೌಕಾಪಡೆಯ ಪರೀಕ್ಷಾ ಕೇಂದ್ರದಲ್ಲಿ ಓಡಿಸಿ ತೋರಿಸಿದ್ದರು. ವಿಕ್ರಾಂತ್‌ಗೆ ಅದು ಸಾಲದು, ಚಿಕ್ಕ ನೌಕೆಗೆ ಸಾಕು. ಅಲ್ಲಿಂದ ಮುಂದಕ್ಕೆ ಹೋಗಬೇಕಿತ್ತು. ಇಂಥ ವರ್ಷ ಇಂಥ ಹಡಗಿಗೆ ಎಂಜಿನ್ ಬೇಕು ಎಂದು ಹೇಳುವವರಿಲ್ಲದಿದ್ದರೆ ಯಾವ ಪ್ರಯೋಗಾಲಯವೂ ಮುಂದಕ್ಕೆ ಹೋಗದು.

ವಿಮಾನದ ಮಾತೂ ಅಷ್ಟೇ. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಲಂಕರ್ ಅವರು ನೌಕಾ ತೇಜಸ್ಸನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದ್ದು ಎಂಥ ಕೆಲಸವೆಂದು ಒಮ್ಮೆ ಯೋಚಿಸಿ. ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನ ತನ್ನ ಬಾಲದ ಕೊಕ್ಕೆಯಿಂದ ಡೆಕ್ ಮೇಲಿನ ಉಕ್ಕಿನ ಹಗ್ಗ ಹಿಡಿದು ಸುಮಾರು 90 ಮೀಟರಿನೊಳಗೆ, ಎರಡೂವರೆ ಸೆಕೆಂಡಿನಲ್ಲಿ ನಿಲ್ಲಬೇಕು. ಚಕ್ರ ಡೆಕ್ಕಿಗೆ ತಾಗಿದ ಕ್ಷಣ ಪೈಲಟ್ ಎಂಜಿನ್ನನ್ನು ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಬೇಕಲ್ಲ! 2023ರ ಫೆಬ್ರವರಿ 6ರಂದು ಅದೇ ತೇಜಸ್ ವಿಕ್ರಾಂತ್ ಮೇಲೂ ಇಳಿಯಿತು. ಒಂದೇ ಎಂಜಿನ್ನಿನ ಆ ವಿಮಾನಕ್ಕೆ ಹಡಗಿನಿಂದ ಸಾಕಷ್ಟು ಭಾರ ಹೊತ್ತು ಏಳಲಾಗದು. ಅದಕ್ಕೆಂದೇ ಎಡಿಎ ಈಗ ಎರಡು ಎಂಜಿನ್ನಿನದ್ದನ್ನು ರೂಪಿಸುತ್ತಿದೆ. ಅದು ಬರುವ ತನಕ 26 ರಫೇಲ್-ಎಂ ವಿಮಾನಗಳಿಗೆ 2025ರ ಏಪ್ರಿಲಿನಲ್ಲಿ ಸಹಿ ಬಿದ್ದಿದೆ. ಶಸ್ತ್ರ, ತರಬೇತಿ, ನಿರ್ವಹಣೆ ಎಲ್ಲ ಸೇರಿ ಸುಮಾರು 63,000 ಕೋಟಿ ರೂಪಾಯಿ, ಅಂದರೆ ವಿಕ್ರಾಂತ್‌ನ ಮೂರು ಪಟ್ಟು. ಸ್ವಂತ ವಿಮಾನ ಇಲ್ಲದ್ದಕ್ಕೆ ತೆರುವ ಬೆಲೆ ಅದು. ಬೆಂಗಳೂರಿನ ಸಂಸದರು ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳಬೇಕು.

ಕಾರವಾರದ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. 1986ರ ಅಕ್ಟೋಬರಿನಲ್ಲಿ ಅಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕದಂಬ ನೌಕಾನೆಲೆ ಸೇವೆಗೆ ತೆರೆದುಕೊಂಡದ್ದು 2005ರ ಮೇ 31ರಂದು. ಆ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳ ಜನ ಮನೆ, ಗದ್ದೆ, ತೆಂಗು, ದೋಣಿ ಎಳೆಯುವ ಕಡಲದಂಡೆ ಬಿಟ್ಟು ಎದ್ದರು. ಪರಿಹಾರದ ಮೊತ್ತಕ್ಕಾಗಿ ಕೋರ್ಟಿಂದ ಕೋರ್ಟಿಗೆ ಅಲೆದರು. ಹಲವರು ಹಣ ಕೈಸೇರುವ ಮೊದಲೇ ತೀರಿಕೊಂಡರು. ದೇಶದ ಅತಿದೊಡ್ಡ ಯುದ್ಧನೌಕೆ ಬಂದು ನಿಲ್ಲುವ ನೀರು ಅವರು ಬಲೆ ಬೀಸುತ್ತಿದ್ದ ನೀರು. ಸ್ವದೇಶಿ ಹಡಗಿನ ಹೆಮ್ಮೆಯನ್ನು ಅವರ ಮುಂದೆ ನಿಂತು ಹೇಳಬೇಕಾದರೆ ಅವರ ಮಕ್ಕಳಿಗೆ ಆ ಹಡಗಿನಲ್ಲಿ ಕೆಲಸವಿರಬೇಕು. ನೌಕಾನೆಲೆಯ ದುರಸ್ತಿ ಅಂಗಳ ದೊಡ್ಡದಾಗುತ್ತಿದೆ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಪೈಪ್ ಕೆಲಸದವರು ಅಲ್ಲಿ ನೂರಾರು ಜನ ಬೇಕು. ಸೀಬರ್ಡ್ ನಿರಾಶ್ರಿತರ ಮಕ್ಕಳನ್ನು ಕೊಚ್ಚಿಗೂ ಮಲ್ಪೆಗೂ ಅಪ್ರೆಂಟಿಸ್ ಆಗಿ ಕಳಿಸಿ, ಕಲಿಸಿ, ಅರ್ಗಾಕ್ಕೆ ಕರೆತನ್ನಿ. ಎರಡನೆಯ ವಿಮಾನವಾಹಕದ ಆದೇಶ ಹೊರಟರೆ ಇದಕ್ಕೆ ಒಂದು ಇಡೀ ದಶಕದ ಅವಕಾಶ ಸಿಗುತ್ತದೆ.

ರಕ್ಷಣೆಯ ವಿಷಯ, ಬಹಿರಂಗಪಡಿಸಲಾಗದು ಎಂದು ಸಚಿವಾಲಯ ಹೇಳಿಬಿಟ್ಟರೆ? ಯುದ್ಧದ ಗುಟ್ಟು ಕೇಳಬೇಡಿ. ಎರಡನೆಯ ವಿಮಾನವಾಹಕದ ಪ್ರಸ್ತಾವ ಈಗ ಯಾವ ಮೇಜಿನ ಮೇಲಿದೆ, ಎಷ್ಟು ದಿನದಿಂದ ಇದೆ ಎಂದು ಕೇಳಿ. ವಿಕ್ರಾಂತ್ ಮೇಲೆ ದುಡಿದ ಕುಶಲಕರ್ಮಿಗಳಲ್ಲಿ ಎಷ್ಟು ಜನ ಇನ್ನೂ ಕೊಚ್ಚಿಯಲ್ಲಿದ್ದಾರೆ, ಮುಂದಿನ ಐದು ವರ್ಷದಲ್ಲಿ ಎಷ್ಟು ಜನ ನಿವೃತ್ತರಾಗುತ್ತಾರೆ ಎಂದು ಕೇಳಿ. ಹಡಗಿನ ಕಾವೇರಿ ಟರ್ಬೈನಿಗೆ ಮುಂದಿನ ಗುರಿ ಏನೆಂದು ಕೇಳಿ. ಇವುಗಳಲ್ಲಿ ಯಾವುದರ ಉತ್ತರದಿಂದಲೂ ಶತ್ರುವಿಗೆ ಲಾಭವಿಲ್ಲ. ನಿಮ್ಮಲ್ಲಿ ಯಾರಾದರೂ ರಕ್ಷಣಾ ಸ್ಥಾಯಿ ಸಮಿತಿಯಲ್ಲಿದ್ದರೆ ಸಮಿತಿಯನ್ನು ಕೊಚ್ಚಿಗೆ ಕರೆದೊಯ್ದು ಆ ಹೊಸ ಡಾಕ್‌ನ ಅಂಚಿಗೆ ನಿಲ್ಲಿಸಿ, ವೆಲ್ಡರುಗಳ ಜೊತೆ ಮಾತಾಡಿಸಿ.

ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಕನಿಷ್ಠ ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು, ಆಮೇಲೆ ಲಾಟರಿಯಲ್ಲಿ ಹೆಸರು ಬರಬೇಕು. ಒಬ್ಬರೇ ಕೊಟ್ಟರೆ ಬರದೇ ಹೋಗಬಹುದು. ಹಲವರು ಕೊಟ್ಟರೆ ಒಬ್ಬರದಾದರೂ ಬಂದೀತು, ಅತ್ತ ರಾಜ್ಯಸಭೆಯಲ್ಲಿ ಹನ್ನೆರಡು ಮಂದಿ ಇದ್ದೇ ಇದ್ದೀರಿ. ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ನೋಟಿಸ್ ಕಳಿಸಿ.

ಇತಿ,
ಉತ್ತರ ಕನ್ನಡ ಜಿಲ್ಲೆಯ ಒಬ್ಬ ಮತದಾರ